ಅಂಗಡಿ ಮಾತು: ಪರದೆಯೊಳಗಿನ ಖಾತೆ ಪುಸ್ತಕ

ಹೊಸೂರಿನ ನಮ್ಮ ಅಂಗಡಿಗೆ ಕಂಪ್ಯೂಟರ್ ಬಂದಾಗ ಇದ್ದ ಅಂಜಿಕೆ ಒಂದೇ: ಇನ್ನು ಲೆಕ್ಕ ಹಿರಿಯರ ಕೈತಪ್ಪಿತು. ಹಾಗಾಗಲಿಲ್ಲ. 1986ರಲ್ಲಿ ಗೋಯೆಂಕಾ ತಂದೆ-ಮಗ ಬೆಂಗಳೂರಿನಲ್ಲಿ ಆರಂಭಿಸಿದ ಸಂಸ್ಥೆಯ ಟ್ಯಾಲಿಯಲ್ಲಿ ಲೆಡ್ಜರ್, ವೋಚರ್, ಡೇಬುಕ್ ಎಂಬ ಹಳೆಯ ಹೆಸರುಗಳೇ ಇದ್ದವು. ಜಮಾ-ಖರ್ಚು ಬರೆದು ಪಳಗಿದವರಿಗೆ ಪಾವತಿಗೆ ಎಫ್5, ಜಮೆಗೆ ಎಫ್6 ಎಂದರೆ ಸಾಕಾಯಿತು. 1981ರ ಜೆರಾಕ್ಸ್ ಸ್ಟಾರ್ ಯಂತ್ರವೂ ಕಾಗದ, ಫೋಲ್ಡರುಗಳ ಚಿತ್ರಗಳನ್ನು ಪರದೆಯ ಮೇಲಿಟ್ಟದ್ದು ಕಚೇರಿಯವರಿಗೆ ಹೊಸತೆನಿಸದಿರಲೆಂದೇ.

ಈಗಿನ ಮೊಬೈಲ್ ಆ್ಯಪುಗಳಲ್ಲಿ ಬರೀ ಗೆರೆ, ಚುಕ್ಕಿ. ಮೂರು ಗೆರೆ ಒತ್ತಿದರೆ ಪಟ್ಟಿ ತೆರೆಯುತ್ತದೆಂದು ಎಪ್ಪತ್ತು ದಾಟಿದವರು ಹೇಗೆ ಊಹಿಸಬೇಕು? ('ಸೇವ್' ಎಂಬಲ್ಲಿರುವ ಚೌಕ ಫ್ಲಾಪಿಯದೆಂದು ಮೊಮ್ಮಕ್ಕಳಿಗೂ ತಿಳಿಯದು, ಆ ಮಾತು ಬೇರೆ.) ತಿಳಿಯದೆ ಒತ್ತಿದರೆ ಹೋಗುವುದು ಹಣ. ಅಂಗಡಿಗೆ ಹೊಸ ಆ್ಯಪ್ ಹಾಕಿಸುವ ಮುನ್ನ ಅದನ್ನು ಹಿರಿಯರ ಕೈಗೆ ಕೊಟ್ಟು, ನಿನ್ನೆಯ ಜಮೆ ಹುಡುಕಲು ಹೇಳಿ.