ತಲೆಪೆಟ್ಟು, ಮೂರ್ಛೆರೋಗ ಮತ್ತು ಸ್ಕ್ಯಾನ್ ಹೇಳುವ ಭವಿಷ್ಯ

ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು ಆಸ್ಪತ್ರೆಯಿಂದ ಮನೆಗೆ ಮರಳಿದೊಡನೆ ಗಂಡಾಂತರ ಕಳೆಯಿತೆಂದು ನಾವು ನೆಮ್ಮದಿಯ ಉಸಿರು ಬಿಡುತ್ತೇವೆ. ಆದರೆ ಅವರಲ್ಲಿ ಕೆಲವರಿಗೆ ತಿಂಗಳುಗಳ, ಒಮ್ಮೊಮ್ಮೆ ವರ್ಷಗಳ ಬಳಿಕ ಮೂರ್ಛೆರೋಗ ತಲೆದೋರುತ್ತದೆ. ಯಾರಿಗೆ ಈ ಅಪಾಯ ಹೆಚ್ಚೆಂಬುದನ್ನು ಮಿದುಳಿನ ಚಿತ್ರಗಳಿಂದ ಮೊದಲೇ ಅರಿಯಬಹುದೇ ಎಂಬ ಪ್ರಶ್ನೆ ಇಂದು ವಿಜ್ಞಾನಿಗಳ ಮುಂದಿದೆ.

ಅಮೆರಿಕದ ಮಿನ್ನೆಸೋಟಾದಲ್ಲಿ 4,541 ಗಾಯಾಳುಗಳನ್ನು ಕುರಿತು 1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಐದು ವರ್ಷಗಳಲ್ಲಿ ಮೂರ್ಛೆ ಕಾಣಿಸಿಕೊಳ್ಳುವ ಸಾಧ್ಯತೆ ಸಣ್ಣ ಪೆಟ್ಟಿಗೆ ಶೇ. 0.7, ಮಧ್ಯಮ ಪೆಟ್ಟಿಗೆ ಶೇ. 1.2, ತೀವ್ರ ಪೆಟ್ಟಿಗೆ ಶೇ. 10. ಅಂದರೆ ತೀವ್ರವಾಗಿ ಗಾಯಗೊಂಡವರಲ್ಲಿಯೂ ಬಹುಪಾಲು ಜನ ಈ ಅವಧಿಯಲ್ಲಿ ರೋಗದಿಂದ ಪಾರಾಗುತ್ತಾರೆ.

ಗಾಯದಲ್ಲಿ ಸೋರಿದ ರಕ್ತದ ಕಬ್ಬಿಣಾಂಶ ಮಿದುಳಿನಲ್ಲಿ ಉಳಿದು, ಸುತ್ತಲಿನ ನರಕೋಶಗಳನ್ನು ಕೆರಳಿಸುತ್ತದೆಂಬುದು ಒಂದು ಮುಖ್ಯ ವಿವರಣೆ. ಸಿ.ಟಿ. ಸ್ಕ್ಯಾನ್ ತಾಜಾ ರಕ್ತಸ್ರಾವವನ್ನು ತೋರಿಸಿದರೆ, ಎಂ.ಆರ್.ಐ.ಯ ಕೆಲವು ವಿಶೇಷ ವಿಧಾನಗಳು ಹಳೆಯ ರಕ್ತದ ಕುರುಹನ್ನೂ ಕಲೆಗಟ್ಟಿದ ಅಂಗಾಂಶವನ್ನೂ ಗುರುತಿಸುತ್ತವೆ. ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ಸಂಶೋಧಕರು ಈ ಶತಮಾನದ ಮೊದಲ ವರ್ಷಗಳಲ್ಲಿಯೇ ಇಂತಹ ವಿಧಾನಗಳಿಂದ ಪೆಟ್ಟಿನ ನಂತರದ ಮೂರ್ಛೆಯನ್ನು ಅಭ್ಯಸಿಸಿದ್ದರು.

ಈ ಚಿತ್ರಗಳ ಬೆಲೆಯನ್ನು ಚೆನ್ನಾಗಿ ಬಲ್ಲ ನಾಡು ಕೇರಳ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ 1995ರಲ್ಲಿ ಮೂರ್ಛೆರೋಗದ ಶಸ್ತ್ರಚಿಕಿತ್ಸೆ ಆರಂಭವಾಯಿತು; ಡಾ. ಕೆ. ರಾಧಾಕೃಷ್ಣನ್ ಅವರ ನೇತೃತ್ವದಲ್ಲಿ ಅಲ್ಲಿನ ಕೇಂದ್ರ ದೇಶಕ್ಕೇ ಮಾದರಿಯಾಗಿ ಬೆಳೆಯಿತು. ಕೊಚ್ಚಿಯ ಅಮೃತ ಆಸ್ಪತ್ರೆಯಲ್ಲಿಯೂ ಇಂತಹ ಸುಸಜ್ಜಿತ ವಿಭಾಗವಿದೆ. ಔಷಧಿಗೆ ಬಗ್ಗದ ರೋಗದ ಮೂಲವನ್ನು ಇಲ್ಲಿ ಎಂ.ಆರ್.ಐ. ಮತ್ತು ಇ.ಇ.ಜಿ.ಗಳ ನೆರವಿನಿಂದ ಹುಡುಕಲಾಗುತ್ತದೆ. ಆದರೆ ಬಂದ ರೋಗದ ನೆಲೆಯನ್ನು ಕಾಣುವುದು ಬೇರೆ, ಬಾರದ ರೋಗವನ್ನು ಮುನ್ನುಡಿಯುವುದು ಬೇರೆ.

ಮುನ್ನುಡಿದರೂ ತಡೆಯುವ ಔಷಧಿ ಇನ್ನೂ ದೊರೆತಿಲ್ಲ. ಫೆನಿಟಾಯಿನ್ ಮಾತ್ರೆ ಮೊದಲ ವಾರದ ಸೆಳೆತವನ್ನು ತಗ್ಗಿಸುತ್ತದೆ, ಆನಂತರದ ರೋಗವನ್ನು ತಡೆಯದು ಎಂಬುದು 1990ರಲ್ಲಿಯೇ ಸಾಬೀತಾಯಿತು. ಹಾಗಾದರೆ ಮೊದಲೇ ತಿಳಿದು ಪ್ರಯೋಜನವೇನು? ಅಪಾಯ ಹೆಚ್ಚಿರುವವರನ್ನು ಎಚ್ಚರದಿಂದ ಗಮನಿಸಬಹುದು. ಮೊದಲ ಸೆಳೆತಕ್ಕೇ ಸರಿಯಾದ ಚಿಕಿತ್ಸೆ ಕೊಡಿಸಬಹುದು. ಹೊಸ ಔಷಧಿಗಳ ಪರೀಕ್ಷೆಗೆ ತಕ್ಕವರನ್ನು ಆಯ್ದುಕೊಳ್ಳಬಹುದು. ಇವು ಸಣ್ಣ ಲಾಭಗಳಲ್ಲ.

ಆದರೆ ಸ್ಕ್ಯಾನಿನ ಮೇಲಿನ ಒಂದು ಕಲೆ ಮನುಷ್ಯನ ಮೇಲಿನ ಕಳಂಕವಾಗಬಾರದು. ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಹೇಳುತ್ತಿದ್ದ ಮಾತನ್ನು ತೆಗೆದುಹಾಕಲು 1999ರವರೆಗೆ ಕಾಯಬೇಕಾಯಿತು. ಕಾಯಿದೆಯಿಂದ ಹೋದದ್ದು ಮನಸ್ಸಿನಿಂದ ಹೋಗಿದೆಯೇ? ಬಾರದೆಯೂ ಇರಬಹುದಾದ ರೋಗದ ಹೆಸರಿನಲ್ಲಿ ಕೆಲಸವನ್ನೋ ಸಂಬಂಧವನ್ನೋ ನಿರಾಕರಿಸಿದರೆ, ವಿಜ್ಞಾನ ಕೊಟ್ಟ ಬೆಳಕನ್ನು ನಾವೇ ಕತ್ತಲಾಗಿಸಿದಂತೆ.

ಗಡಿನಾಡಿನ ಕನ್ನಡಿಗರಿಗೆ ಇನ್ನೊಂದು ಸಂಕಟವಿದೆ. ಕಾಸರಗೋಡಿನಿಂದ ತಿರುವನಂತಪುರ ಐನೂರು ಕಿಲೋಮೀಟರಿಗೂ ದೂರ. ಮಂಗಳೂರು ಸುಮಾರು ಐವತ್ತು. ತಲೆಪೆಟ್ಟಾದವರನ್ನು ಸಹಜವಾಗಿಯೇ ಉತ್ತರಕ್ಕೆ ಒಯ್ಯುತ್ತಾರೆ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳೂ ನಿಂತದ್ದನ್ನು ನಾವು ಮರೆತಿಲ್ಲ. ವರ್ಷಗಟ್ಟಲೆ ನಿಗಾ ಬೇಡುವ ಈ ರೋಗಕ್ಕೆ, ಒಂದು ರಾಜ್ಯದಲ್ಲಿ ತೆಗೆದ ಸ್ಕ್ಯಾನ್ ಇನ್ನೊಂದು ರಾಜ್ಯದ ವೈದ್ಯರಿಗೆ ಸುಲಭವಾಗಿ ದೊರೆಯುವ ವ್ಯವಸ್ಥೆ ಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಎರಡು ಕೆಲಸ. ಅಪಘಾತದ ವೇಳೆಯ ಸ್ಕ್ಯಾನ್ ಪ್ರತಿ ಹಾಗೂ ಬಿಡುಗಡೆಯ ಚೀಟಿಯನ್ನು ಮನೆಯ ಪತ್ರಗಳಷ್ಟೇ ಜೋಪಾನವಾಗಿಡೋಣ. ವಾಹನ ಏರುವ ಮುನ್ನ ಹೆಲ್ಮೆಟ್ ಪಟ್ಟಿಯನ್ನು ಬಿಗಿದುಕೊಳ್ಳೋಣ. ಪೆಟ್ಟೇ ಬೀಳದಂತೆ ಕಾಯುವುದಕ್ಕಿಂತ ಮಿಗಿಲಾದ ಔಷಧಿ ಈ ರೋಗಕ್ಕೆ ಇಂದಿಗೂ ಇಲ್ಲ.