ಭಿನ್ನಮತವಿರಲಿ, ಬಾಗಿಲು ಮುಚ್ಚದಿರಲಿ

ಪ್ರತಿವರ್ಷ ಮಾರ್ಚ್ ತಿಂಗಳ ಮೊದಲ ಶುಕ್ರವಾರ ಜಗತ್ತಿನ ನೂರಕ್ಕೂ ಹೆಚ್ಚು ದೇಶಗಳ ಕ್ರೈಸ್ತ ಮಹಿಳೆಯರು ವಿಶ್ವ ಪ್ರಾರ್ಥನಾ ದಿನವನ್ನು ಆಚರಿಸುತ್ತಾರೆ. 1927ರಿಂದ ಈ ಹೆಸರಿನಲ್ಲಿ ನಡೆದು ಬಂದ ಈ ಆಚರಣೆಗೆ ಒಂದು ವೈಶಿಷ್ಟ್ಯವಿದೆ. ವರ್ಷಕ್ಕೊಂದು ದೇಶದ ಮಹಿಳೆಯರು ಪ್ರಾರ್ಥನೆಯನ್ನು ಬರೆಯುತ್ತಾರೆ. ಉಳಿದ ದೇಶಗಳ ಮಹಿಳೆಯರು ಅದನ್ನು ತಮ್ಮ ತಮ್ಮ ಭಾಷೆಯಲ್ಲಿ ಓದುತ್ತಾರೆ. ಕೆಥೊಲಿಕ್, ಪ್ರೊಟೆಸ್ಟೆಂಟ್, ಆರ್ಥೊಡಾಕ್ಸ್ ಎಂಬ ಗೋಡೆಗಳನ್ನು ಆ ಒಂದು ದಿನದ ಮಟ್ಟಿಗಾದರೂ ದಾಟಬೇಕೆಂಬುದು ಅದರ ಆಶಯ.

2024ರ ಸರದಿ ಫೆಲೆಸ್ತೀನಿನ ಕ್ರೈಸ್ತ ಮಹಿಳೆಯರದ್ದಾಗಿತ್ತು. ಪ್ರೀತಿಯಿಂದ ಒಬ್ಬರನ್ನೊಬ್ಬರು ಸಹಿಸಿಕೊಳ್ಳಬೇಕೆಂಬ ಬೈಬಲಿನ ಬೋಧನೆಯೇ ಅದರ ವಿಷಯವಾಗಿತ್ತು. ಅಷ್ಟರಲ್ಲಿ 2023ರ ಅಕ್ಟೋಬರ್ 7 ಬಂತು. ಅದರ ಬೆನ್ನಿಗೆ ಗಾಝಾದ ಮೇಲೆ ಬಾಂಬುಗಳ ಮಳೆ ಸುರಿಯಿತು. ಜರ್ಮನಿಯ ಮಹಿಳಾ ಸಮಿತಿಯು ತಾನು ಸಿದ್ಧಪಡಿಸಿದ್ದ ಸಾಮಗ್ರಿಯ ವಿತರಣೆಯನ್ನು ತಡೆಹಿಡಿಯಿತು. ಫೆಲೆಸ್ತೀನ್ ಮೂಲದ ಕಲಾವಿದೆಯೊಬ್ಬಳು ರಚಿಸಿದ್ದ ಮುಖಪುಟದ ಚಿತ್ರವನ್ನು ಕೈಬಿಟ್ಟಿತು. ಪ್ರಾರ್ಥನಾ ಕ್ರಮವನ್ನು ಪರಿಷ್ಕರಿಸಿ ಹೊರತಂದಿತು. ಯಹೂದಿಯರ ವಿಷಯದಲ್ಲಿ ತಮ್ಮ ದೇಶಕ್ಕೊಂದು ಕರಾಳ ಇತಿಹಾಸವಿರುವಾಗ ಇಂತಹ ಎಚ್ಚರ ಅನಿವಾರ್ಯವೆಂದು ಒಂದು ಕಡೆಯವರು ವಾದಿಸಿದರು. ಸಂಕಟದಲ್ಲಿರುವ ಹೆಣ್ಣುಮಕ್ಕಳು ಬರೆದ ಪ್ರಾರ್ಥನೆಯನ್ನು ಸುರಕ್ಷಿತ ನಾಡಿನಲ್ಲಿ ಕುಳಿತವರು ತಿದ್ದುವುದು ಯಾವ ನ್ಯಾಯವೆಂದು ಇನ್ನೊಂದು ಕಡೆಯವರು ಪ್ರಶ್ನಿಸಿದರು. ಮನಸ್ಸುಗಳು ಮುರಿದವು. ಆದರೂ 2024ರ ಮಾರ್ಚ್ 1ರಂದು ಪ್ರಾರ್ಥನೆ ನಡೆಯಿತು. ಸಹಿಸಿಕೊಳ್ಳುವುದೆಂದರೇನು ಎಂಬ ಪ್ರಶ್ನೆಗೆ ಸಹಿಸಿಕೊಳ್ಳಲಾಗದ ಸಂದರ್ಭದಲ್ಲಿಯೇ ಉತ್ತರ ಹುಡುಕಬೇಕಾದ ಸ್ಥಿತಿ ಆ ಮಹಿಳೆಯರಿಗೆ ಬಂದಿತ್ತು.

ಚರ್ಚಿನ ಮಹಿಳೆಯರ ಒಳಜಗಳದ ಬಗ್ಗೆ ನಾವೇಕೆ ಇಷ್ಟು ಬರೆಯಬೇಕು? ಖಂಡಿತವಾಗಿಯೂ ನೆರೆಮನೆಯ ಅಂಗಳಕ್ಕೆ ಇಣುಕಿ ನೋಡುವ ಕುತೂಹಲದಿಂದಲ್ಲ. ನಮ್ಮ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಹೆಣ್ಣುಮಕ್ಕಳು ಎದುರಿಸುತ್ತಿರುವ ಪ್ರಶ್ನೆಯೂ ಇದುವೇ ಆಗಿದೆ. ಭಿನ್ನಾಭಿಪ್ರಾಯ ಹುಟ್ಟಿದಾಗ ಮಾತು ನಿಲ್ಲಬೇಕೇ, ಇಲ್ಲ, ಅಂದಿನಿಂದಲೇ ಆರಂಭವಾಗಬೇಕೇ?

ನಮ್ಮ ಜಿಲ್ಲೆಯ ಕ್ರೈಸ್ತ ಸಮುದಾಯಕ್ಕೆ ಒಡಕು ಹೊಸದಲ್ಲ. 1880ರ ದಶಕದ ಕೊನೆಯಲ್ಲಿ ಗೋವಾದ ಪೋರ್ಚುಗೀಸ್ ಆಶ್ರಯದ ಅಧಿಕಾರ ಮತ್ತು ರೋಮಿನ ಅಧಿಕಾರದ ನಡುವಿನ ವಿವಾದ ಕಲ್ಯಾಣಪುರ, ಬ್ರಹ್ಮಾವರದ ಕೆಥೊಲಿಕ್ ಕುಟುಂಬಗಳನ್ನು ಇಬ್ಭಾಗಿಸಿತು. ಗೋವಾದ ಪಾದ್ರಿ ಅಲ್ವಾರಿಸ್ 1889ರಲ್ಲಿ ಕೇರಳದ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯಲ್ಲಿ ಬಿಷಪರಾದರು. ಬ್ರಹ್ಮಾವರದಲ್ಲಿ ನೊರೊನ್ಹಾ ಪಾದ್ರಿಯ ನೇತೃತ್ವದಲ್ಲಿ ಕೊಂಕಣಿ ಮಾತಾಡುವ ಒಂದು ಆರ್ಥೊಡಾಕ್ಸ್ ಸಮುದಾಯವೇ ರೂಪುಗೊಂಡಿತು. ಇಂದಿಗೂ ಆ ಸಮುದಾಯ ಅಲ್ಲಿದೆ. ಹಾಗೆಯೇ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನ ಮಕ್ಕಳೂ ಮುಂದೆ ಒಂದೇ ಮನೆಯಲ್ಲಿ ಉಳಿಯಲಿಲ್ಲ. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಸ್ಥಾಪನೆಯಾದ ಬಳಿಕ ಬಾಸೆಲ್ ಪರಂಪರೆಯ ಸಭೆಗಳಲ್ಲಿ ಕೆಲವು ಅದನ್ನು ಸೇರಿಕೊಂಡವು, ಕೆಲವು ಹಳೆಯ ಹೆಸರಿನಲ್ಲಿಯೇ ಮುಂದುವರಿದವು. ಉಡುಪಿ, ಮಲ್ಪೆಯ ಪರಿಸರದಲ್ಲಿ ಇಂದಿಗೂ ಎರಡೂ ಹೆಸರಿನ ಸಭೆಗಳಿವೆ. ಒಂದೇ ಬೈಬಲ್, ಒಂದೇ ಕೀರ್ತನೆ, ಅನೇಕ ಸಲ ಒಂದೇ ಅಜ್ಜನ ಸಂತಾನ. ಸಭೆ ಮಾತ್ರ ಬೇರೆ.

ಇಂತಹ ಒಡಕುಗಳ ನಿರ್ಣಯಪತ್ರಕ್ಕೆ ಸಹಿ ಹಾಕುವವರು ಯಾರು? ಪುರುಷರು. ಅದರ ಭಾರವನ್ನು ಹೊರುವವರು ಯಾರು? ಮಹಿಳೆಯರು. ತವರುಮನೆ ಒಂದು ಸಭೆಯಲ್ಲಿ, ಗಂಡನ ಮನೆ ಇನ್ನೊಂದು ಸಭೆಯಲ್ಲಿ ಇರುವ ಹೆಣ್ಣಿಗೆ ಮಾತ್ರ ಆ ಗೋಡೆಯ ದಪ್ಪ ಎಷ್ಟೆಂಬುದು ತಿಳಿದಿರುತ್ತದೆ. ಮದುವೆಗೆ ಯಾರನ್ನು ಕರೆಯಬೇಕು, ಮರಣದ ಮನೆಗೆ ಯಾರು ಬರುತ್ತಾರೆ ಎಂಬ ಲೆಕ್ಕ ಆಡಳಿತ ಮಂಡಳಿಯ ಕಡತದಲ್ಲಿ ಇರುವುದಿಲ್ಲ. ಅದು ಅಡುಗೆಮನೆಯಲ್ಲಿ ನಡೆಯುತ್ತದೆ. ಆದ್ದರಿಂದ ಚರ್ಚಿನ ಮಹಿಳಾ ಸಂಘಟನೆಗಳು ಭಿನ್ನಾಭಿಪ್ರಾಯದ ನಡುವೆಯೂ ಸಂವಾದಕ್ಕೆ ಮುಂದಾಗುತ್ತವೆಯೆಂದರೆ ಅದು ದೌರ್ಬಲ್ಯದ ಲಕ್ಷಣವಲ್ಲ. ನೋವುಂಡವರ ವಿವೇಕ ಅದು.

ಈ ವಿವೇಕದ ಫಲವನ್ನು ನಮ್ಮ ಸಮುದಾಯವೂ ಉಂಡಿದೆ ಎಂಬುದನ್ನು ಮರೆಯಬಾರದು. 1923ರಲ್ಲಿ ಸ್ವಿಸ್ ವೈದ್ಯೆ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ಮಹಿಳೆಯರು ಮತ್ತು ಮಕ್ಕಳಿಗಾಗಿ ಚಿಕಿತ್ಸಾಲಯವೊಂದನ್ನು ಆರಂಭಿಸಿದರು. ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪನೆಯಾಗುವುದಕ್ಕೆ ಮೂವತ್ತು ವರ್ಷಗಳ ಮೊದಲಿನ ಮಾತಿದು. ಪರಪುರುಷ ವೈದ್ಯನೆದುರು ಹೋಗಲು ಹಿಂಜರಿಯುತ್ತಿದ್ದ ನಮ್ಮ ಅಜ್ಜಿಯಂದಿರ ತಲೆಮಾರಿಗೆ ಆ ಮಹಿಳಾ ವೈದ್ಯೆಯ ಬಾಗಿಲು ಎಷ್ಟು ದೊಡ್ಡ ಆಸರೆಯಾಗಿರಬಹುದು! 2023ರಲ್ಲಿ ಆ ಸಂಸ್ಥೆಗೆ ನೂರು ವರ್ಷ ತುಂಬಿತು. ಅದರ ಹೆರಿಗೆ ಕೋಣೆಯಲ್ಲಿ ಯಾರೂ ಯಾರ ಸಭೆ, ಯಾರ ಮೊಹಲ್ಲಾ ಎಂದು ವಿಂಗಡಿಸಿ ಕಣ್ತೆರೆಯಲಿಲ್ಲ.

ಇನ್ನೊಂದು ನೆನಪು ಕಹಿಯಾದದ್ದು. 2008ರ ಸೆಪ್ಟೆಂಬರ್ 14ರಂದು ಕರಾವಳಿಯ ಚರ್ಚು ಮತ್ತು ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಮಂಗಳೂರಿನಲ್ಲಿ ಏಕಾಂತ ಆರಾಧನೆಗೆ ಜೀವನವನ್ನು ಮುಡಿಪಾಗಿಟ್ಟ ಸನ್ಯಾಸಿನಿಯರ ಮಠವನ್ನೂ ಬಿಡಲಿಲ್ಲ. ಮತಾಂತರದ ಆರೋಪ ಹೊರಿಸಿದ್ದು ಒಂದು ಹೊಸ ಪಂಗಡದ ಮೇಲೆ. ಕಲ್ಲು ಬಿದ್ದದ್ದು ಆ ಪಂಗಡದೊಂದಿಗೆ ಯಾವ ಸಂಬಂಧವೂ ಇಲ್ಲದ ಸನ್ಯಾಸಿನಿಯರ ಮೇಲೂ. ನಾವು ಅವರಂತಲ್ಲ ಎಂದು ಹೇಳಿಕೊಂಡವರನ್ನು ಆ ಹೇಳಿಕೆ ಕಾಪಾಡಲಿಲ್ಲ. ಒಳಗಿನ ಭಿನ್ನತೆಯನ್ನು ಹೊರಗಿನ ದ್ವೇಷ ಎಂದೂ ಗೌರವಿಸುವುದಿಲ್ಲ.

ಹದಿಮೂರು ವರ್ಷಗಳ ಬಳಿಕ ಸರದಿ ನಮ್ಮ ಹೆಣ್ಣುಮಕ್ಕಳದ್ದಾಯಿತು. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರು ವಿದ್ಯಾರ್ಥಿನಿಯರು ಶಿರವಸ್ತ್ರದ ಕಾರಣಕ್ಕಾಗಿ ತರಗತಿಯ ಹೊರಗುಳಿಯಬೇಕಾಯಿತು. 2022ರ ಫೆಬ್ರವರಿ 5ರಂದು ಸರಕಾರದ ಆದೇಶ ಬಂತು. ಫೆಬ್ರವರಿ 8ರಂದು ಎಂಜಿಎಂ ಕಾಲೇಜಿನ ಆವರಣದಲ್ಲಿ ಶಿರವಸ್ತ್ರದ ವಿದ್ಯಾರ್ಥಿನಿಯರೂ ಕೇಸರಿ ಶಾಲಿನ ವಿದ್ಯಾರ್ಥಿಗಳೂ ಮುಖಾಮುಖಿಯಾಗಿ ನಿಂತ ದೃಶ್ಯವನ್ನು ಇಡೀ ದೇಶ ನೋಡಿತು. ಮಾರ್ಚ್ 15ರಂದು ಹೈಕೋರ್ಟು ವಿದ್ಯಾರ್ಥಿನಿಯರ ಅರ್ಜಿಗಳನ್ನು ತಳ್ಳಿಹಾಕಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಈ ನಡುವೆ ಅದೇ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿಯಿಡಲು ಅವಕಾಶ ಸಿಗಲಿಲ್ಲ. ಹೂ, ಬಳೆ, ಆಟಿಕೆ ಮಾರಿ ಬದುಕುವ ಕುಟುಂಬಗಳ ಒಲೆಯ ಮೇಲೆ ಅದರ ನೇರ ಪರಿಣಾಮವಾಯಿತು.

ಅಂದು ಯಾರು ಮಾತಾಡಿದರು? ಸಚಿವರು, ಶಾಸಕರು, ವಕೀಲರು, ಟಿವಿ ನಿರೂಪಕರು, ಎಲ್ಲ ಸಮುದಾಯಗಳ ಪುರುಷ ನಾಯಕರು. ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಬುತ್ತಿಯಲ್ಲಿ ಉಂಡ ಹೆಣ್ಣುಮಕ್ಕಳ ತಾಯಂದಿರು ಒಂದೆಡೆ ಕುಳಿತು ಮಾತಾಡಲು ಜಿಲ್ಲೆಯಲ್ಲಿ ಒಂದು ವೇದಿಕೆಯೂ ಸಜ್ಜಾಗಿರಲಿಲ್ಲ. ಗಲಭೆಯ ವಾಸನೆ ಬಂದ ಬಳಿಕ ಠಾಣೆಯಲ್ಲೋ ತಾಲೂಕು ಕಚೇರಿಯಲ್ಲೋ ಕರೆಯುವ ಶಾಂತಿ ಸಭೆಗಳನ್ನು ನಾವು ಬಲ್ಲೆವು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಪ್ರತಿಸಲವೂ ಅದೇ ಮುಖಗಳು. ಮಹಿಳೆಯರಿಗೆ ಸಿಗುವುದು ಹೆಚ್ಚೆಂದರೆ ಸ್ವಾಗತಗೀತೆಯ ಅವಕಾಶ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಈ ಕ್ರಮದಿಂದ ಎಷ್ಟು ಮನೆ ಉಳಿದೀತು?

ಬೆರಳನ್ನು ಹೊರಗೆ ತೋರಿಸುವ ಮುನ್ನ ನಮ್ಮ ಮನೆಯೊಳಗೂ ನೋಡಿಕೊಳ್ಳೋಣ. ಚರ್ಚುಗಳ ಒಡಕನ್ನು ಓದಿ ಮುಗುಳ್ನಗುವ ಹಕ್ಕು ನಮಗಿದೆಯೇ? 1989ರಲ್ಲಿ ಕೇರಳದ ಸಮಸ್ತ ಉಲಮಾ ಸಂಘಟನೆ ಎರಡಾದಾಗ ಅದರ ಬಿರುಕು ನಮ್ಮ ಕರಾವಳಿಯ ಮೊಹಲ್ಲಾಗಳಿಗೂ ಹಬ್ಬಿತು. ಸುನ್ನಿ, ಸಲಫಿ, ಜಮಾಅತ್, ತಬ್ಲೀಗ್ ಎಂಬ ಹೆಸರುಗಳು ಗುರುತಿಗಷ್ಟೇ ಉಳಿಯದೆ ಗೋಡೆಗಳಾದವು. ಒಬ್ಬರ ಮಹಿಳಾ ಸಮಾವೇಶಕ್ಕೆ ಇನ್ನೊಬ್ಬರ ಮನೆಯ ಹೆಣ್ಣುಮಕ್ಕಳು ಹೋಗುವಂತಿಲ್ಲ. ಸಲಾಮಿಗೆ ಉತ್ತರಿಸಬೇಕೋ ಬೇಡವೋ ಎಂಬಷ್ಟರ ಮಟ್ಟಿಗೆ ಚರ್ಚೆ ನಡೆದ ಊರುಗಳೂ ಉಂಟು. ವಿಚ್ಛೇದನ, ಮಹರ್, ಮಕ್ಕಳ ಪಾಲನೆಯಂತಹ ವಿಷಯಗಳು ಜಮಾಅತ್ ಸಮಿತಿಯ ಮುಂದೆ ಬಂದಾಗ ಹೆಣ್ಣಿನ ಮಾತನ್ನು ಅವಳ ಬಾಯಿಂದಲೇ ಕೇಳುವ ವ್ಯವಸ್ಥೆ ಎಷ್ಟು ಕಡೆ ಇದೆ? ಅವಳ ಪರವಾಗಿ ತಂದೆ, ಅಣ್ಣ, ಮಾವ ಮಾತಾಡುತ್ತಾರೆ. ಅವಳು ಒಳಕೋಣೆಯಲ್ಲಿ ತೀರ್ಪಿಗಾಗಿ ಕಾಯುತ್ತಾಳೆ.

ಆದರೆ ಪವಿತ್ರ ಕುರ್‌ಆನಿನ 58ನೆಯ ಅಧ್ಯಾಯದ ಹೆಸರೇನು? ವಾದಿಸುವವಳು ಎಂಬರ್ಥದ ಅಲ್ ಮುಜಾದಿಲ. ಗಂಡನ ಅನ್ಯಾಯದ ಮಾತಿನಿಂದ ನೊಂದ ಖೌಲಾ ಬಿಂತ್ ಸಅಲಬಾ(ರ) ಪ್ರವಾದಿವರ್ಯರ(ಸ) ಬಳಿಗೆ ಸ್ವತಃ ಬಂದು ವಾದಿಸಿದರು. ಅವರನ್ನು ಯಾರೂ ಗದರಿಸಿ ಕಳುಹಿಸಲಿಲ್ಲ. ಅವರ ದೂರನ್ನು ಅಲ್ಲಾಹನು ಆಲಿಸಿದನೆಂಬ ಘೋಷಣೆಯೊಂದಿಗೇ ಆ ಅಧ್ಯಾಯ ಆರಂಭವಾಗುತ್ತದೆ. ಇನ್ನೊಂದು ಘಟನೆಯೂ ಗಮನಾರ್ಹ. ನಜ್ರಾನಿನ ಕ್ರೈಸ್ತ ನಿಯೋಗವನ್ನು ಪ್ರವಾದಿವರ್ಯರು(ಸ) ಮದೀನಾದ ಮಸೀದಿಯಲ್ಲಿಯೇ ಬರಮಾಡಿಕೊಂಡರು. ವಿಶ್ವಾಸದ ವಿಷಯದಲ್ಲಿ ಗಂಭೀರ ಚರ್ಚೆ ನಡೆಯಿತು. ಕೊನೆಗೂ ಒಮ್ಮತ ಮೂಡಲಿಲ್ಲ. ಆದರೂ ಅವರು ಬರಿಗೈಯಲ್ಲಿ ಮರಳಲಿಲ್ಲ, ಒಪ್ಪಂದವೊಂದನ್ನು ಪಡೆದು ಮರಳಿದರು. ಒಮ್ಮತವಿಲ್ಲದೆಯೂ ಒಪ್ಪಂದ ಸಾಧ್ಯವೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಹಾಗಾದರೆ ಸಂವಾದವೆಂದರೇನು? ವೇದಿಕೆಯಲ್ಲಿ ಮೂರು ಧರ್ಮದವರು ದೀಪ ಬೆಳಗಿಸಿ, ಭಾವಚಿತ್ರ ತೆಗೆಸಿಕೊಂಡು, ಸೌಹಾರ್ದದ ಭಾಷಣ ಮಾಡಿ ಊಟ ಮುಗಿಸಿ ಹೋಗುವುದಲ್ಲ. ಭಿನ್ನಾಭಿಪ್ರಾಯ ಇರುವ ವಿಷಯವನ್ನು ಹೆಸರಿಟ್ಟು ಎದುರಿಗಿಡುವುದು ಅದರ ಮೊದಲ ಶರತ್ತು. ಇನ್ನೊಬ್ಬರ ಮಾತನ್ನು ಅವರನ್ನು ಕೇಳದೆ ತಿದ್ದಬಾರದು ಎಂಬುದು ಎರಡನೆಯದು. 2024ರ ಆ ಪ್ರಕರಣ ಕಲಿಸುವ ಪಾಠವೂ ಅದುವೇ. ಮೂರನೆಯದಾಗಿ, ತಮ್ಮ ಪ್ರತಿನಿಧಿ ಯಾರೆಂಬುದನ್ನು ಮಹಿಳೆಯರೇ ನಿರ್ಧರಿಸಬೇಕು. ಪುರುಷರು ಬರೆದುಕೊಟ್ಟ ಹೇಳಿಕೆಯನ್ನು ಓದುವುದಕ್ಕೆ ಸಂವಾದ ಎನ್ನಲಾಗದು.

ನಮ್ಮ ಊರುಗಳಲ್ಲಿ ಇದಕ್ಕೆ ಬೇಕಾದ ನೆಲ ಈಗಾಗಲೇ ಹದವಾಗಿದೆ. ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಚರ್ಚು 2016ರಲ್ಲಿ ಬಸಿಲಿಕಾ ಪದವಿಗೇರಿತು. ಅಲ್ಲಿನ ಜನವರಿ ತಿಂಗಳ ಹಬ್ಬಕ್ಕೆ ಎಲ್ಲ ಧರ್ಮಗಳ ಜನರು ಹೋಗುತ್ತಾರೆ. ಮಣಿಪಾಲದ ಆಸ್ಪತ್ರೆಗಳಲ್ಲಿ ಬೇರೆ ಬೇರೆ ಸಭೆಗಳ ದಾದಿಯರು ಎಲ್ಲರ ರೋಗಿಗಳಿಗೂ ರಾತ್ರಿಯಿಡೀ ಎಚ್ಚರವಿರುತ್ತಾರೆ. ಕಾಪು, ಶಿರ್ವದ ಹಳ್ಳಿಗಳ ಸ್ವಸಹಾಯ ಗುಂಪುಗಳಲ್ಲಿ ವಿವಿಧ ಸಮುದಾಯಗಳ ಹೆಂಗಸರು ಒಬ್ಬರ ಸಾಲಕ್ಕೆ ಇನ್ನೊಬ್ಬರು ಜಾಮೀನಾಗುತ್ತಾರೆ. ಹಣದ ವಿಷಯದಲ್ಲಿ ಪರಸ್ಪರ ನಂಬುವವರು ಮಾತಿನ ವಿಷಯದಲ್ಲೇಕೆ ನಂಬಬಾರದು? ಚರ್ಚಿನ ಮಹಿಳಾ ಸಂಘಟನೆಗಳು, ಮುಸ್ಲಿಮ್ ಮಹಿಳಾ ಸಂಘಟನೆಗಳು, ಮಹಿಳಾ ಮಂಡಲಗಳು ತಾಲೂಕು ಮಟ್ಟದಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಒಂದೆಡೆ ಕುಳಿತುಕೊಳ್ಳಲಿ. ಮಕ್ಕಳ ಶಾಲೆ, ಬಸ್ಸಿನಲ್ಲಿ ಎದುರಾಗುವ ಕಿರುಕುಳ, ಮಾದಕ ವಸ್ತುಗಳ ಹಾವಳಿ, ವಿದೇಶದಲ್ಲಿರುವ ಗಂಡಂದಿರ ಕುಟುಂಬಗಳ ಸಮಸ್ಯೆ, ಹೀಗೆ ಎಲ್ಲರಿಗೂ ಸಮಾನವಾದ ವಿಷಯಗಳಿಂದ ಆರಂಭಿಸಲಿ. ಆಗ ಶಿರವಸ್ತ್ರ, ಮತಾಂತರ, ವ್ಯಾಪಾರ ಬಹಿಷ್ಕಾರದಂತಹ ಕಷ್ಟದ ವಿಷಯ ಬಂದಾಗ ಮಾತಾಡಲು ಪರಿಚಯದ ಮುಖವಾದರೂ ಇದ್ದೀತು.

ಸಂವಾದದಿಂದ ಏನು ಸಾಧಿಸಿದಿರಿ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ನ್ಯಾಯದ ಬದಲಿಗೆ ಮಾತನ್ನು ಮಾತ್ರ ಕೊಡುವ ಸಂವಾದ ಪೀಡಿತರಿಗೆ ಮಾಡುವ ವಂಚನೆಯೇ ಸರಿ. ತರಗತಿಯಿಂದ ಹೊರಗುಳಿದ ವಿದ್ಯಾರ್ಥಿನಿಗೆ ಬೇಕಾದುದು ಹಕ್ಕು, ಸಾಂತ್ವನವಲ್ಲ. ಆದರೆ ಹಕ್ಕನ್ನು ನ್ಯಾಯಾಲಯ ಕೊಡಬಹುದು, ಪಕ್ಕದ ಬೆಂಚಿನ ಗೆಳತಿಯನ್ನು ಅದು ಮರಳಿ ಕೊಡಲಾರದು. ಕಾನೂನಿನ ಹೋರಾಟವೂ ಸಾಗಲಿ, ಗೆಳತಿಯ ಮನೆಯ ಬಾಗಿಲು ತಟ್ಟುವ ಕೆಲಸವೂ ಸಾಗಲಿ.

ಮೊದಲ ಹೆಜ್ಜೆಯನ್ನು ಯಾರಿಡಬೇಕೆಂದು ಕಾಯುತ್ತಾ ಕುಳಿತರೆ ಇನ್ನೊಂದು ತಲೆಮಾರು ಕಳೆದುಹೋಗುತ್ತದೆ. ಮುಂದಿನ ಮಾರ್ಚ್ ತಿಂಗಳ ಮೊದಲ ಶುಕ್ರವಾರ ಪಕ್ಕದ ಮನೆಯ ಬಾಯಿ ಪ್ರಾರ್ಥನೆ ಮುಗಿಸಿ ಮರಳುವಾಗ ನಮ್ಮ ಮನೆಯ ತಾಯಂದಿರು ಅವರನ್ನು ಒಂದು ಲೋಟ ಚಹಾಕ್ಕೆ ಕರೆಯಲಿ. ಅದಕ್ಕೂ ಮುನ್ನ, ಅದೇ ಬೀದಿಯಲ್ಲಿದ್ದು ಇನ್ನೊಂದು ಮಸೀದಿಗೆ ಸೇರಿದವರೆಂಬ ಕಾರಣಕ್ಕೆ ವರ್ಷಗಳಿಂದ ಮಾತುಬಿಟ್ಟಿರುವ ನಮ್ಮದೇ ಸಹೋದರಿಯ ಮನೆಗೆ ಒಮ್ಮೆ ಹೋಗಿ ಬರಲಿ.