ತೊಗರಿಬೇಳೆಯ ಬಣ್ಣ ಯಾವುದು?

ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. ಬರೆಯಲಿಕ್ಕೆ ವಿಷಯ ಇರಲಿಲ್ಲ ಅಂತಲ್ಲ, ಆಫೀಸಿನ ಕೆಲಸದ ಬಗ್ಗೆ ಇಲ್ಲಿ ಬರೆಯಬಾರದು ಅಂತ ಮೊದಲಿಂದ ಒಂದು ನಿಯಮ ಇಟ್ಟುಕೊಂಡಿದ್ದೆ. ಇವತ್ತು ಅದನ್ನು ಮುರಿಯುತ್ತಿದ್ದೇನೆ. ಕಾರಣ ನಮ್ಮಕ್ಕ.

ಅಕ್ಕ ಇರೋದು ಮೈಸೂರಿನಲ್ಲಿ. ಅವಳ ಆರು ವರ್ಷದ ಮಗನಿಗೆ ಕಡಲೆಕಾಯಿ ಆಗಲ್ಲ. ಆಗಲ್ಲ ಅಂದರೆ ಬರೀ ಹೊಟ್ಟೆನೋವಲ್ಲ. ಒಂದು ಸಲ ತುಟಿ ಊದಿ, ಉಸಿರಾಡೋಕೆ ಕಷ್ಟವಾಗಿ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದ್ದರು. ಅಂದಿನಿಂದ ಅವಳು ಏನು ತರಿಸಿದರೂ ಅದರಲ್ಲಿ ಏನೇನು ಹಾಕಿದ್ದಾರೆ ಅಂತ ಓದದೆ ತರಿಸಲ್ಲ. ಮೊನ್ನೆ ಆನ್‌ಲೈನಿನಲ್ಲಿ ಒಂದು ಓಟ್ಸ್ ಬಿಸ್ಕತ್ತು ನೋಡಿದಳು. ಪಟ್ಟಿಯಲ್ಲಿ ಕಡಲೆಕಾಯಿ ಇರಲಿಲ್ಲ. ಮನೆಗೆ ಬಂದ ಪ್ಯಾಕೆಟ್ಟಿನ ಹಿಂದೆ ಇತ್ತು! ಪುಣ್ಯಕ್ಕೆ ಒಡೆಯುವ ಮುಂಚೆ ಇನ್ನೊಂದು ಸಲ ಓದಿದಳಂತೆ.

"ನೀನು ಇದೇ ಕೆಲಸ ತಾನೇ ಕಣೋ ಮಾಡೋದು? ಈ ತಪ್ಪು ಹಾಕಿದ್ದು ಯಾರು ಹೇಳು" ಅಂದಳು ಫೋನಿನಲ್ಲಿ.

ನಾನು ಮಾಡಿದ ಮೊದಲನೇ ಕೆಲಸ ಏನು ಗೊತ್ತಾ? ಅದು ನಾವು ಸಾಫ್ಟ್‌ವೇರ್ ಬರೆದುಕೊಡುವ ಸೈಟಾ ಅಂತ ನೋಡಿದ್ದು. ಅಲ್ಲ. ಅಬ್ಬಾ ಅನ್ನಿಸಿತು. ಆಮೇಲೆ ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಯಿತು. ಯಾಕಂದರೆ ನಮ್ಮಲ್ಲೂ ಇದು ಆಗಬಹುದಿತ್ತು, ಆಗಿಲ್ಲ ಅಂತ ಎದೆ ಮುಟ್ಟಿ ಹೇಳಲಾರೆ.

ಒಂದು ಬಿಸ್ಕತ್ತಿನ ವಿವರ ಕಂಪನಿಯಿಂದ ನಿಮ್ಮ ಮೊಬೈಲಿಗೆ ಬರುವ ದಾರಿ ಹೀಗಿದೆ. ಕಂಪನಿಯಲ್ಲಿ ಯಾರೋ ಒಬ್ಬರು ಎಕ್ಸೆಲ್ ಫೈಲು ಮಾಡುತ್ತಾರೆ. ಅದು ಮೇಲ್‌ನಲ್ಲಿ ಸೇಲ್ಸ್‌ನವರಿಗೆ, ಅವರಿಂದ ಅಂಗಡಿಯ ಸರಪಳಿಯ ಆಫೀಸಿಗೆ ಹೋಗುತ್ತದೆ. ಅಲ್ಲಿಯವರು "ನಮ್ಮ ಟೆಂಪ್ಲೇಟಿನಲ್ಲೇ ಕೊಡಿ" ಅಂತ ವಾಪಸ್ ಕಳಿಸುತ್ತಾರೆ. ಒಬ್ಬರಿಗೆ ತೂಕ ಗ್ರಾಮಿನಲ್ಲಿ ಬೇಕು, ಇನ್ನೊಬ್ಬರಿಗೆ ಕಿಲೋದಲ್ಲಿ, ಮತ್ತೊಬ್ಬರಿಗೆ ಹೆಸರಿನೊಳಗೇ ತೂಕ ಸೇರಿಸಿ ಬೇಕು. ಬಟ್ಟೆಗೆ ಅಂತ ಮಾಡಿದ ಟೆಂಪ್ಲೇಟನ್ನೇ ದಿನಸಿಗೂ ಹಾಕಿಬಿಟ್ಟಿರುತ್ತಾರೆ, ಅದರಲ್ಲಿ 'ಬಣ್ಣ' ಅನ್ನುವ ಕಾಲಂ ಖಾಲಿ ಬಿಟ್ಟರೆ ಫೈಲು ಒಳಗೇ ಹೋಗಲ್ಲ. ತೊಗರಿಬೇಳೆಗೆ 'ಮಲ್ಟಿಕಲರ್' ಅಂತ ತುಂಬಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ :-)

ಇನ್ನು ಎಕ್ಸೆಲ್ಲಿನ ಲೀಲೆ. ಬಾರ್‌ಕೋಡಿನ 13 ಅಂಕಿ ಹಾಕಿದರೆ ಅದು 8.90123E+12 ಅಂತ ತೋರಿಸುತ್ತದೆ. ಯಾರಾದರೂ ಅದನ್ನು ಹಾಗೇ ಸಿಎಸ್‌ವಿ ಮಾಡಿ ಕಳಿಸಿದರೆ ಉಳಿದ ಅಂಕಿಗಳೆಲ್ಲ ಗಂಗೆಯ ಪಾಲು. ಅಮೆರಿಕದ ಸಾಮಾನಾದರೆ ಮುಂದಿನ ಸೊನ್ನೆ ಮಾಯ. ಇಂಜಿನಿಯರಿಂಗ್ ಓದಿ ದಿನಕ್ಕೆ ಎರಡು ಗಂಟೆ ಸೊನ್ನೆ ಹುಡುಕುವವನ ಪಾಡು ನಿಮಗೆ ನಗು ತರಿಸಬಹುದು.

ಬಾರ್‌ಕೋಡು ಇದೆಯಲ್ಲ, ಮತ್ತೇನು ತೊಂದರೆ ಅಂತ ಕೇಳಬಹುದು. ಬಾರ್‌ಕೋಡು ಅಂಗಡಿಯ ಕೌಂಟರಿಗೆ ಬಂದದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೋದ ಟ್ರಾಯ್ ಊರಿನ ಮಾರ್ಷ್ ಸೂಪರ್ ಮಾರ್ಕೆಟ್ಟಿನಲ್ಲಿ. ಮೊದಲು ಸ್ಕ್ಯಾನ್ ಆದದ್ದು ರಿಗ್ಲೀಸ್ ಚೂಯಿಂಗ್ ಗಮ್ ಪ್ಯಾಕು. ಅದರ ಸಾಧನೆ ದೊಡ್ಡದು, ಆದರೆ ಅದು ಬರೀ ಹೆಸರು, ಜಾತಕ ಅಲ್ಲ. (890ರಿಂದ ಶುರುವಾದರೆ ಭಾರತದಲ್ಲೇ ತಯಾರಾದದ್ದು ಅನ್ನುವ ವಾಟ್ಸಾಪ್ ಸಂದೇಶ ನಂಬಬೇಡಿ. ಆ ಕಂಪನಿ ಸಂಖ್ಯೆ ಪಡೆದದ್ದು ಜಿಎಸ್‌1 ಇಂಡಿಯಾದಿಂದ ಅಂತಷ್ಟೇ ಅದರ ಅರ್ಥ.) ಕೊನೆಯ ಅಂಕಿ ತಾಳೆ ನೋಡಲಿಕ್ಕೆ. ಎಡದಿಂದ ಒಂದು ಬಿಟ್ಟು ಒಂದನ್ನು 1ರಿಂದ, 3ರಿಂದ ಗುಣಿಸಿ ಕೂಡಿಸಿ, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಬೇಕೋ ಅದು. ಒಂದು ಅಂಕಿ ತಪ್ಪು ಒತ್ತಿದರೆ ಖಂಡಿತ ಸಿಕ್ಕಿಬೀಳುತ್ತದೆ. ಆದರೆ ಪಕ್ಕಪಕ್ಕದ 1 ಮತ್ತು 6 ಅದಲುಬದಲಾದರೆ ಸಿಗಲ್ಲ. ಇನ್ನೂ ಮಜಾ ಅಂದರೆ, ಸೋಮಾರಿಯೊಬ್ಬ ಕೀಬೋರ್ಡ್ ಮೇಲೆ ಕೈಯಾಡಿಸಿ 8901234567890 ಅಂತ ಹಾಕಿದರೆ ಮೊತ್ತ ಸರಿಯಾಗಿ 130 ಬರುತ್ತದೆ, ಕೊನೆಯ ಸೊನ್ನೆ ತಾಳೆಯಾಗಿ ಪಾಸಾಗುತ್ತದೆ! ಬೇಕಾದರೆ ಲೆಕ್ಕ ಹಾಕಿ ನೋಡಿ. ಸಂಖ್ಯೆ ಸರಿಯಿದೆಯೋ ಅಂತ ಯಂತ್ರ ಹೇಳಬಲ್ಲದು, ಅದರ ಪಕ್ಕದಲ್ಲಿ ಬರೆದದ್ದು ನಿಜವೋ ಅಂತ ಹೇಳಲಾರದು.

ಅಕ್ಕನ ಬಿಸ್ಕತ್ತಿಗೆ ಏನಾಗಿರಬಹುದು? ನನ್ನ ಊಹೆ: ಕಂಪನಿ ಪಾಕ ಬದಲಿಸಿತು, ಸಂಖ್ಯೆ ಬದಲಿಸಲಿಲ್ಲ. ಜಿಎಸ್‌1 ನಿಯಮದ ಪ್ರಕಾರ ಕೊಳ್ಳುವವರಿಗೆ ತಿಳಿಯಲೇಬೇಕಾದಂತೆ ಪದಾರ್ಥ ಬದಲಾದರೆ ಹೊಸ ಸಂಖ್ಯೆ ಕೊಡಬೇಕು, ಪ್ಯಾಕಿನ ಮೇಲಿನ ನಿವ್ವಳ ತೂಕ ಬದಲಾದರೂ ಕೊಡಬೇಕು. ಹೊಸ ಸಂಖ್ಯೆ ಅಂದರೆ ಎಲ್ಲ ಅಂಗಡಿಗಳಲ್ಲೂ ಹೊಸದಾಗಿ ನೋಂದಣಿ, ಮತ್ತೆ ಟೆಂಪ್ಲೇಟು, ಮತ್ತೆ 'ಬಣ್ಣ'. ಯಾರಿಗೆ ಬೇಕು ಆ ಗೋಳು? ಹಾಗಾಗಿ ಹಳೆಯದರಲ್ಲೇ ತಳ್ಳುತ್ತಾರೆ. ಅಂಗಡಿಯ ಕಂಪ್ಯೂಟರಿಗೆ ಏನೂ ಬದಲಾಗಿಯೇ ಇಲ್ಲ! ಅಂದರೆ ಅಂಗಡಿಯವರ ಟೆಂಪ್ಲೇಟಿನ ಹಿಂಸೆಯೇ ಬ್ರ್ಯಾಂಡಿನವರಿಂದ ಸುಳ್ಳು ಹೇಳಿಸುತ್ತಿದೆ. ನನ್ನ ಸಿಟ್ಟು ಇಬ್ಬರ ಮೇಲೂ ಇದೆ, ಅಂಗಡಿಯವರ ಮೇಲೆ ಒಂದು ತೂಕ ಜಾಸ್ತಿ.

ದಾರಿ ಇಲ್ಲ ಅಂತಲ್ಲ. ತಯಾರಕರು ಒಂದೇ ಕಡೆ ವಿವರ ಇಟ್ಟು ಎಲ್ಲ ಅಂಗಡಿಗಳೂ ಅಲ್ಲಿಂದ ತೆಗೆದುಕೊಳ್ಳುವ ಜಿಡಿಎಸ್‌ಎನ್ ಅನ್ನುವ ಜಾಲ 2004ರಿಂದ ಇದೆ. ನಮ್ಮ ದೇಶದಲ್ಲಿ ಜಿಎಸ್‌1 ಇಂಡಿಯಾದ ಡೇಟಾಕಾರ್ಟ್ ಇದೆ. ಯುರೋಪಿನಲ್ಲಿ 2014ರ ಡಿಸೆಂಬರಿನಿಂದ, ಆನ್‌ಲೈನಿನಲ್ಲಿ ಕೊಳ್ಳುವ ಮುಂಚೆಯೇ ಅಲರ್ಜಿಯ ವಿವರ ಕಾಣಿಸಬೇಕು ಅಂತ ಕಾನೂನು ಬಂತು. ನಮ್ಮಲ್ಲೂ 2018ರ ಜನವರಿ 1ರಿಂದ ಆನ್‌ಲೈನ್ ಅಂಗಡಿಗಳು ಎಂಆರ್‌ಪಿ, ನಿವ್ವಳ ತೂಕ, ತಯಾರಕರ ವಿಳಾಸ ಇವನ್ನೆಲ್ಲ ತೋರಿಸಲೇಬೇಕು. ಆದರೆ ಬೇರೆಯವರ ಸಾಮಾನಿಗೆ ವೇದಿಕೆಯಾಗಿ ಮಾತ್ರ ಇರುವ ಸೈಟಿನಲ್ಲಿ ಆ ವಿವರ ಸರಿಯಿರುವ ಹೊಣೆ ಸೈಟಿನದ್ದಲ್ಲ, ತಯಾರಕರದ್ದೋ ಮಾರುವವರದ್ದೋ. 'ಅಥವಾ' ಅಂತ ಬರೆದ ಕಡೆ ಯಾರೂ ಹೊಣೆ ಹೊರಲ್ಲ ಅನ್ನೋದು ನಿಮಗೂ ಗೊತ್ತಿದೆ.

ನಮ್ಮ ಮ್ಯಾನೇಜರ್ ಹೇಳೋದು ಬೇರೆ. "ಪ್ಯಾಕೆಟ್ಟಿನ ಫೋಟೋ ಕೊಟ್ಟರೆ ಎಐ ಎಲ್ಲಾ ಓದಿ ತುಂಬುತ್ತೆ ಕಣ್ರೀ, ಬ್ರ್ಯಾಂಡಿನವರನ್ನ ಯಾಕೆ ಕಾಯಬೇಕು?" ನಿಜ, ಚೆನ್ನಾಗಿ ಓದುತ್ತದೆ. ಆದರೆ ಫೋಟೋನೇ ಹೋದ ವರ್ಷದ್ದಾದರೆ? ಹಳೆಯ ಪಟ್ಟಿಯನ್ನು ತಪ್ಪಿಲ್ಲದೆ ಓದಿ ಕೊಡುತ್ತದೆ. ನನಗೆ ಬೇಕಾದದ್ದು ಒಂದೇ ಒಂದು ಹೆಚ್ಚಿನ ಕಾಲಂ: ಈ ವಿವರ ಯಾವ ತಾರೀಖಿನಿಂದ ಸತ್ಯ? ನಾನು ನೋಡಿರುವ ಟೆಂಪ್ಲೇಟುಗಳಲ್ಲಿ ಬಣ್ಣಕ್ಕೆ ಜಾಗ ಇದೆ, ಇದಕ್ಕಿಲ್ಲ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಯಿತಲ್ಲ, ಅವತ್ತು ನವರಾತ್ರಿಯ ಮೊದಲ ದಿನ. ಹಿಂದಿನ ರಾತ್ರಿ, ಮಹಾಲಯ ಅಮಾವಾಸ್ಯೆ, ನಮ್ಮ ತಂಡವೆಲ್ಲ ಆಫೀಸಿನಲ್ಲಿ. ಸೋಪಿನ ಬಿಲ್ಲೆ 18ರಿಂದ 5ಕ್ಕೆ ಇಳಿದಿತ್ತು, ಕೈತೊಳೆಯುವ ದ್ರವ 18ರಲ್ಲೇ ಉಳಿದಿತ್ತು. ಗ್ರಾಹಕರ ಪಟ್ಟಿಯಲ್ಲಿ ಎರಡಕ್ಕೂ 'ಸೋಪ್' ಅಂತಲೇ ಬರೆದಿತ್ತು. ಬೆಳಗಿನ ಜಾವ ನಾಲ್ಕು ಗಂಟೆಯವರೆಗೆ ಒಂದೊಂದೇ ಹೆಸರು ಓದಿ, ಇದು ಗಟ್ಟಿ, ಇದು ನೀರು ಅಂತ ವಿಂಗಡಿಸಿದೆವು. ತಯಾರಿಸಿದವರಿಗೆ ಒಂದು ನಿಮಿಷದಲ್ಲಿ ಗೊತ್ತಿದ್ದ ವಿಷಯ ಅದು. ದುಡ್ಡಿನ ವಿಷಯವಾದ್ದರಿಂದ ಅವತ್ತು ಎಲ್ಲರೂ ನಿದ್ದೆಗೆಟ್ಟರು. ಕಡಲೆಕಾಯಿಗೆ ಯಾರು ನಿದ್ದೆ ಕೆಡುತ್ತಾರೆ?

ಒಂದು ಮಾತು ಒಪ್ಪುತ್ತೇನೆ. ದೊಡ್ಡ ಬ್ರ್ಯಾಂಡಿಗೆ ಹೇಳಿದ್ದನ್ನೇ ಚಟ್ನಿಪುಡಿ ಮಾಡಿ ಮಾರುವ ಸ್ವಸಹಾಯ ಸಂಘದ ಹೆಂಗಸರಿಗೂ ಹೇಳಿದರೆ ಅನ್ಯಾಯ. ಅವರಿಗೆ ಬಾರ್‌ಕೋಡಿನ ಫೀಸೇ ಭಾರ. ಅಂಥವರಿಗೆ ಕನ್ನಡದಲ್ಲಿ, ಮೊಬೈಲಿನಲ್ಲಿ ತುಂಬುವಂಥ ಹತ್ತು ಪ್ರಶ್ನೆಯ ಫಾರಂ ಸಾಕು, ಪ್ಯಾಕೆಟ್ಟಿನ ಮೇಲೆ ಹೇಗೂ ಅಚ್ಚು ಹಾಕಿಸಲೇಬೇಕಾದ ವಿವರಗಳಷ್ಟೇ. 2027ರ ಕೊನೆಯೊಳಗೆ ಅಂಗಡಿಗಳ ಕೌಂಟರುಗಳು ಚೌಕಾಕಾರದ ಕೋಡುಗಳನ್ನೂ ಓದುವಂತಾಗಬೇಕು ಅನ್ನೋದು ಜಿಎಸ್‌1 ಗುರಿ. ಅದರಲ್ಲಿ ಬ್ಯಾಚು, ಅವಧಿ ಮುಗಿಯುವ ದಿನ ಎಲ್ಲಾ ಹಿಡಿಸುತ್ತದೆ. ಬರಲಿ, ಒಳ್ಳೆಯದೇ. ಒಳಗೆ ಹಾಕುವ ವಿವರ ಮಾತ್ರ ಅದೇ ಎಕ್ಸೆಲ್ಲಿನಿಂದ ಬರದಿದ್ದರೆ ಸಾಕು.

ನಿಮ್ಮಲ್ಲಿ ಯಾರಾದರೂ ಬ್ರ್ಯಾಂಡಿನ ಕಡೆ ಕೂತು ಈ ಫೈಲು ತುಂಬುವವರಿದ್ದರೆ, ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ದಯವಿಟ್ಟು ಕಾಮೆಂಟಿನಲ್ಲಿ ಬೈಯಿರಿ. ಆ ಕಡೆಯ ಕಷ್ಟ ನನಗೆ ಅರ್ಧವೇ ಗೊತ್ತಿರೋದು.

ಅಕ್ಕ ಆ ಸೈಟಿಗೆ ಪ್ಯಾಕೆಟ್ಟಿನ ಹಿಂಭಾಗದ ಫೋಟೋ ಸಮೇತ ದೂರು ಕೊಟ್ಟು ಮೂರು ವಾರ ಆಯಿತು. ಟಿಕೆಟ್ ನಂಬರ್ ಬಂದಿದೆ. ಇದನ್ನು ಬರೆಯುವ ಮುಂಚೆ ಹೋಗಿ ನೋಡಿದೆ, ಪಟ್ಟಿ ಹಾಗೇ ಇದೆ.